ಪಾಯಕ್ಕೆ ಮುಂಚಿನ ಅಗೆತ: ಹೊಸ ಬಡಾವಣೆಗಳ ಕೆಳಗಿನ ಇತಿಹಾಸ

ಮನೆ ಕಟ್ಟಿಸುವವರು ನಮ್ಮಲ್ಲಿ ಮೊದಲು ನೋಡುವುದು ಸೈಟಿನ ಕಾಗದಪತ್ರ, ಆಮೇಲೆ ನೀರು, ಅದಾದ ಮೇಲೆ ಪಾಯ. ಪಾಯದ ಗುಂಡಿ ತೆಗೆಯುವಾಗ ಗಟ್ಟಿ ನೆಲ ಎಷ್ಟು ಆಳದಲ್ಲಿ ಸಿಕ್ಕಿತು ಎಂದು ಮೇಸ್ತ್ರಿಯನ್ನು ಕೇಳುತ್ತೇವೆಯೇ ಹೊರತು, ಆ ಗಟ್ಟಿ ನೆಲಕ್ಕಿಂತ ಮೇಲೆ ಏನೇನಿತ್ತು ಎಂದು ಯಾರೂ ಕೇಳುವುದಿಲ್ಲ. ಮಡಕೆ ಚೂರು ಬಂದರೆ ಮಣ್ಣಿನ ಜೊತೆಗೆ ಟ್ರ್ಯಾಕ್ಟರಿಗೆ ಹೋಗುತ್ತದೆ. ಮೂಳೆ ಬಂದರೆ ಕೆಲಸದವರು ಸ್ವಲ್ಪ ಹೊತ್ತು ಹೆದರಿ ನಿಲ್ಲುತ್ತಾರೆ, ಆಮೇಲೆ ಅದೂ ಹೋಗುತ್ತದೆ. ಈ ಪ್ರಶ್ನೆಯನ್ನು ಕಾನೂನಿನ ಮೂಲಕವೇ ಕೇಳುವ ದೇಶಗಳೂ ಇವೆ. ಹತ್ತಾರು ಎಕರೆ ಹೊಲದಲ್ಲಿ ಹೊಸ ಬಡಾವಣೆ ಬರುವುದಾದರೆ ಅಲ್ಲಿ ಮೊದಲು ಇಳಿಯುವವರು ಇಂಜಿನಿಯರುಗಳಲ್ಲ, ಪುರಾತತ್ವದವರು. ಅವರು ಮಾಡುವ ಮೊದಲ ಕೆಲಸಕ್ಕೆ ಪರೀಕ್ಷಾ ಕಂದಕ ಎಂದು ಹೆಸರು. ವಿದ್ಯಾರ್ಥಿ ಮಿತ್ರರಿಗೆ ಈ ಕೆಲಸವನ್ನು ಸ್ವಲ್ಪ ವಿವರವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶ.

ಇಂಗ್ಲೆಂಡಿನಲ್ಲಿ ಈ ಪದ್ಧತಿ ಸುಲಭವಾಗಿ ಬಂದದ್ದಲ್ಲ. 1970ರ ದಶಕದಲ್ಲಿ ಅಲ್ಲಿನ ಪುರಾತತ್ವಜ್ಞರ ಕೆಲಸವೆಂದರೆ ಬಹುಪಾಲು ಬುಲ್ಡೋಜರಿನ ಮುಂದೆ ಓಡುವುದು. ಯಂತ್ರ ಬಂದು ನಿಂತ ಮೇಲೆ ಸಿಕ್ಕಷ್ಟನ್ನು ಬಾಚಿಕೊಳ್ಳುವ ತುರ್ತು ಅಗೆತ. 1989ರಲ್ಲಿ ಲಂಡನ್ನಿನ ಸದರ್ಕ್ ಭಾಗದಲ್ಲಿ ಕಚೇರಿ ಕಟ್ಟಡವೊಂದಕ್ಕೆ ನೆಲ ಅಗೆಯುವಾಗ ರೋಸ್ ನಾಟಕಶಾಲೆಯ ಅಡಿಪಾಯ ಹೊರಬಿತ್ತು. 1587ರಲ್ಲಿ ಕಟ್ಟಿದ, ಷೇಕ್ಸ್‌ಪಿಯರನ ಕಾಲದ ರಂಗಮಂದಿರ ಅದು. ನಟರು, ವಿದ್ಯಾರ್ಥಿಗಳು, ಸಾಮಾನ್ಯ ಜನರು ಬೀದಿಗಿಳಿದರು. ಕೊನೆಗೆ ಕಟ್ಟಡದ ನಕ್ಷೆಯನ್ನು ಬದಲಿಸಿ, ಅವಶೇಷಗಳನ್ನು ಕೆಳಗೆ ಉಳಿಸಿ ಮೇಲೆ ಕಚೇರಿ ಕಟ್ಟಿದರು. ಗುತ್ತಿಗೆದಾರನಿಗೂ ನಷ್ಟ, ಇತಿಹಾಸಕ್ಕೂ ಗಾಬರಿ. ಮೊದಲೇ ತಿಳಿದಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ ಎಂಬ ಮಾತು ಬಲವಾಗಿ ಕೇಳಿಬಂತು. ಮರುವರ್ಷ, ಅಂದರೆ 1990ರ ನವೆಂಬರಿನಲ್ಲಿ, ಅಲ್ಲಿನ ಸರ್ಕಾರ ಯೋಜನಾ ಮಾರ್ಗಸೂಚಿಯೊಂದನ್ನು ಹೊರಡಿಸಿತು. ಕಟ್ಟಡಕ್ಕೆ ಅನುಮತಿ ಕೇಳುವವನು ನೆಲದ ಕೆಳಗೆ ಏನಿದೆ ಎಂಬ ಮಾಹಿತಿಯನ್ನೂ ಒದಗಿಸಬೇಕು, ಅದರ ಖರ್ಚು ಅವನದೇ ಎಂಬುದು ಅದರ ಸಾರ. ಮಾರ್ಗಸೂಚಿಯ ಹೆಸರು ಆಮೇಲೆ 2010ರಲ್ಲಿ, ಮತ್ತೆ 2012ರಲ್ಲಿ ಬದಲಾಯಿತು. ತಿರುಳು ಉಳಿದಿದೆ. 1992ರಲ್ಲಿ ಮಾಲ್ಟಾ ದ್ವೀಪದ ವಲೆಟ್ಟಾ ನಗರದಲ್ಲಿ ಯುರೋಪಿನ ದೇಶಗಳು ಇದೇ ತತ್ವದ ಒಪ್ಪಂದಕ್ಕೆ ಸಹಿ ಹಾಕಿದವು.

ಕೆಲಸ ಆರಂಭವಾಗುವುದು ಮೇಜಿನ ಮುಂದೆ. ಹಳೆಯ ನಕ್ಷೆ, ದಾಖಲೆ, ವಿಮಾನದಿಂದ ತೆಗೆದ ಚಿತ್ರ ಇವನ್ನೆಲ್ಲ ಕೂಡಿಸಿ ನೋಡುತ್ತಾರೆ. ಬೆಳೆ ನಿಂತ ಹೊಲದಲ್ಲಿ ಕೆಳಗೆ ಹಳೆಯ ಹಳ್ಳ ಮುಚ್ಚಿಹೋಗಿದ್ದರೆ ಅಲ್ಲಿ ತೇವ ಹೆಚ್ಚು, ಪೈರು ಹಸಿರಾಗಿ ಎತ್ತರಕ್ಕೆ ಬೆಳೆಯುತ್ತದೆ. ಕೆಳಗೆ ಗೋಡೆಯಿದ್ದರೆ ಪೈರು ಬೇಗ ಒಣಗುತ್ತದೆ. ನಮ್ಮ ರೈತರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅದಾದ ಮೇಲೆ ಭೂಮಿಯ ಕಾಂತತ್ವದ ಸಣ್ಣ ವ್ಯತ್ಯಾಸಗಳನ್ನು ಅಳೆಯುವ ಉಪಕರಣ ಹಿಡಿದು ಹೊಲವನ್ನೆಲ್ಲ ನಡೆಯುತ್ತಾರೆ. ಸುಟ್ಟ ಮಣ್ಣು, ಒಲೆ, ತುಂಬಿದ ಕಂದಕಗಳು ಆ ನಕ್ಷೆಯಲ್ಲಿ ಕಪ್ಪು ಗೆರೆಗಳಾಗಿ ಕಾಣುತ್ತವೆ. ಇಷ್ಟಾದ ಮೇಲೂ ಖಚಿತವಾಗಿ ಹೇಳಬೇಕಾದರೆ ನೆಲ ತೆರೆಯಲೇಬೇಕು.

ತೆರೆಯುವುದು ಜೆಸಿಬಿಯಂಥ ಯಂತ್ರವೇ! ಪುರಾತತ್ವವೆಂದರೆ ಸಣ್ಣ ಕುಂಚ ಹಿಡಿದು ಕೂರುವುದು ಎಂದುಕೊಂಡವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಯಂತ್ರದ ಬಕೆಟ್ಟಿಗೆ ಹಲ್ಲು ಇರುವುದಿಲ್ಲ, ಅದರ ಅಂಚು ನೇರವಾಗಿರುತ್ತದೆ. ಹಲ್ಲಿದ್ದರೆ ನೆಲ ಗೀರಿ ಹೋಗುತ್ತದೆ, ಮಣ್ಣಿನ ಬಣ್ಣ ತಿಳಿಯುವುದಿಲ್ಲ. ಯಂತ್ರ ಹಿಮ್ಮುಖವಾಗಿ ಸರಿಯುತ್ತ ಒಂದೊಂದು ಪದರವನ್ನು ಹೆರೆದಂತೆ ತೆಗೆಯುತ್ತದೆ. ಪಕ್ಕದಲ್ಲಿ ಪುರಾತತ್ವಜ್ಞರೊಬ್ಬರು ಕಣ್ಣು ಮಿಟುಕಿಸದೆ ನಿಂತಿರುತ್ತಾರೆ, ಅವರು ಕೈ ಎತ್ತಿದರೆ ಯಂತ್ರ ನಿಲ್ಲಬೇಕು. ಮೇಲ್ಮಣ್ಣನ್ನು ಒಂದು ಕಡೆ, ಅದರ ಕೆಳಗಿನ ಮಣ್ಣನ್ನು ಇನ್ನೊಂದು ಕಡೆ ರಾಶಿ ಹಾಕುತ್ತಾರೆ, ಮತ್ತೆ ಮುಚ್ಚುವಾಗ ಅದೇ ಕ್ರಮದಲ್ಲಿ ಮುಚ್ಚಬೇಕಲ್ಲ. ಮನುಷ್ಯನ ಕೈ ತಾಗದ ಮೂಲ ನೆಲ ಬಂದಾಗ ಯಂತ್ರದ ಕೆಲಸ ಮುಗಿಯಿತು. ಆ ನೆಲದ ಮೇಲೆ ಕಪ್ಪಗೆ ಒಂದು ದುಂಡು ಕಲೆ ಕಂಡರೆ ಅದು ಯಾವ ಕಾಲದಲ್ಲೋ ಕಂಬ ನೆಟ್ಟಿದ್ದ ಕುಳಿ. ಉದ್ದನೆಯ ಪಟ್ಟೆ ಕಂಡರೆ ಹೊಲದ ಗಡಿಯ ಕಂದಕ. ಆರಡಿ ಉದ್ದದ ಆಯತ ಕಂಡರೆ ಎಲ್ಲರೂ ಮೌನವಾಗುತ್ತಾರೆ. ಕಲೆಗಳನ್ನು ಪೂರ್ತಿ ಬಗೆದು ಹಾಕುವುದಿಲ್ಲ. ಅರ್ಧ ಅಗೆದು ಅರ್ಧ ಬಿಟ್ಟರೆ ಮಧ್ಯದ ಗೋಡೆಯಲ್ಲಿ ಮಣ್ಣು ಯಾವ ಕ್ರಮದಲ್ಲಿ ತುಂಬಿಕೊಂಡಿತು ಎಂಬುದು ಕಾಣುತ್ತದೆ. ಪ್ರತಿ ಪದರಕ್ಕೂ ಒಂದು ಸಂಖ್ಯೆ, ಚಿತ್ರ, ಅಳತೆ. ಮಣ್ಣನ್ನು ನೀರಿನಲ್ಲಿ ತೇಲಿಸಿ ಕರಿಗಟ್ಟಿದ ಕಾಳುಗಳನ್ನು ಆರಿಸುವುದೂ ಉಂಟು. ಸಾವಿರ ವರ್ಷದ ಹಿಂದೆ ಆ ಮನೆಯವರು ಏನು ಉಂಡರು ಎಂಬುದು ಅದರಿಂದ ತಿಳಿಯುತ್ತದೆ.

ಇಲ್ಲಿ ಸಣ್ಣ ಲೆಕ್ಕವೊಂದನ್ನು ಮಾಡೋಣ. ಬಡಾವಣೆಯ ಜಾಗ ಹತ್ತು ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು 25 ಎಕರೆ ಎಂದಿಟ್ಟುಕೊಳ್ಳಿ. ಅದು 1,00,000 ಚದರ ಮೀಟರು. ಒಂದು ಕಂದಕ 50 ಮೀಟರು ಉದ್ದ, 2 ಮೀಟರು ಅಗಲವಿದ್ದರೆ 100 ಚದರ ಮೀಟರಾಯಿತು. ಶೇಕಡಾ 5ರಷ್ಟು ನೆಲ ನೋಡಬೇಕೆಂದರೆ ಅಂಥ 50 ಕಂದಕಗಳು ಬೇಕು. ಉಳಿದ ಶೇಕಡಾ 95ನ್ನು ಯಾರೂ ನೋಡುವುದಿಲ್ಲ, ಊಹಿಸುತ್ತಾರೆ. ರೋಮನ್ನರ ಕಾಲದ ಉದ್ದುದ್ದ ಕಂದಕಗಳು ಈ ಬಲೆಗೆ ಖಂಡಿತ ಬೀಳುತ್ತವೆ, ಏಕೆಂದರೆ ಅವು ನೂರಾರು ಮೀಟರು ಹರಡಿರುತ್ತವೆ. ಆದರೆ ಎರಡು ಮೀಟರಿನ ಒಂಟಿ ಸಮಾಧಿ? ಎರಡು ಕಂದಕಗಳ ನಡುವೆ ಅದು ಸುಮ್ಮನೆ ತಪ್ಪಿಸಿಕೊಳ್ಳಬಹುದು. ದೊಡ್ಡ ಗೋಡೆ ಕಟ್ಟದೆ ಮರದಲ್ಲೂ ಹುಲ್ಲಿನಲ್ಲೂ ಬದುಕಿದ ಜನರು ಈ ಲೆಕ್ಕದಲ್ಲಿ ಯಾವಾಗಲೂ ಹಿಂದೆ ಬೀಳುತ್ತಾರೆ. ಬಡವರ ಇತಿಹಾಸ ಪುಸ್ತಕದಲ್ಲಿ ಮಾತ್ರವಲ್ಲ, ಕಂದಕದಲ್ಲೂ ತಪ್ಪಿಹೋಗುತ್ತದೆ ಎಂದು ನನಗೆ ಅನ್ನಿಸುವುದು ಇದರಿಂದ. ಆದ್ದರಿಂದಲೇ ಕಂದಕಗಳನ್ನು ಎಷ್ಟು ತೆಗೆಯಬೇಕು ಎಂಬುದರ ಬಗ್ಗೆ ಖರ್ಚು ಕೊಡುವವನಿಗೂ ಸ್ಥಳೀಯ ಆಡಳಿತದ ಪುರಾತತ್ವ ಅಧಿಕಾರಿಗೂ ಎಳೆದಾಟ ನಡೆದೇ ಇರುತ್ತದೆ.

ಕಂದಕದ ವರದಿ ಬಂದ ಮೇಲೆ ಮೂರರಲ್ಲಿ ಒಂದು ತೀರ್ಮಾನವಾಗಬಹುದು. ಏನೂ ಇಲ್ಲ, ಕಟ್ಟಿಕೊಳ್ಳಿ. ಮುಖ್ಯವಾದುದಿದೆ, ಆ ಭಾಗವನ್ನು ಉದ್ಯಾನವಾಗಿ ಬಿಟ್ಟುಬಿಡಿ. ಇಲ್ಲವೇ, ಮೊದಲು ಪೂರ್ತಿ ಉತ್ಖನನ, ಆಮೇಲೆ ಮನೆ. ಮೂರನೆಯದೇ ಹೆಚ್ಚು ಕಥೆಗಳನ್ನು ಕೊಟ್ಟಿದೆ.

ಕೇಂಬ್ರಿಜ್ ನಗರದ ದಕ್ಷಿಣಕ್ಕಿರುವ ಟ್ರಂಪಿಂಗ್ಟನ್ ಮೆಡೋಸ್ ಅಂಥ ಒಂದು ಜಾಗ. ಹಿಂದೆ ಸಸ್ಯತಳಿ ಸಂಶೋಧನೆಯ ಹೊಲಗಳಿದ್ದ ನೆಲದಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳು ಬರುವುದಿತ್ತು. ಮನೆಗಳಿಗೆ ಮುಂಚೆ ನಡೆದ ಉತ್ಖನನದಲ್ಲಿ ಹದಿನಾರರ ಆಸುಪಾಸಿನ ಹುಡುಗಿಯೊಬ್ಬಳ ಸಮಾಧಿ ಸಿಕ್ಕಿತು. ಇದು 2012ರ ಮಾರ್ಚಿನಲ್ಲಿ ಪ್ರಕಟವಾಯಿತು. ಏಳನೆಯ ಶತಮಾನದ ಸಮಾಧಿ. ಆಕೆಯನ್ನು ಮರದ ಮಂಚದ ಮೇಲೆ ಮಲಗಿಸಿ ಹೂಳಲಾಗಿತ್ತು. ಮರ ಕರಗಿಹೋಗಿ ಮಂಚದ ಕಬ್ಬಿಣದ ಪಟ್ಟಿಗಳು ಮಾತ್ರ ಉಳಿದಿದ್ದವು. ಎದೆಯ ಬಳಿ ಚಿನ್ನದ ಮೇಲೆ ಕೆಂಪು ಗಾರ್ನೆಟ್ ಕಲ್ಲು ಕೂರಿಸಿದ ಪುಟ್ಟ ಶಿಲುಬೆ. ಇಂಗ್ಲೆಂಡಿನಲ್ಲಿ ಕ್ರೈಸ್ತಧರ್ಮ ಆಗತಾನೆ ಬೇರೂರುತ್ತಿದ್ದ ದಿನಗಳ ಸಾಕ್ಷ್ಯವದು. 2023ರಲ್ಲಿ ಮೂಳೆ ಮತ್ತು ಹಲ್ಲಿನ ಪರೀಕ್ಷೆಯ ಫಲಿತಾಂಶ ಬಂತು. ಹುಡುಗಿ ಅಲ್ಲಿ ಹುಟ್ಟಿದವಳೇ ಅಲ್ಲ! ಆಲ್ಪ್ಸ್ ಪರ್ವತದ ಕಡೆಯಿಂದ, ಬಹುಶಃ ಇಂದಿನ ದಕ್ಷಿಣ ಜರ್ಮನಿಯಿಂದ, ಏಳು ವರ್ಷ ಕಳೆದ ಮೇಲೆ ಯಾವಾಗಲೋ ಬಂದವಳು. ಬಂದ ಮೇಲೆ ಆಕೆಯ ಊಟದಲ್ಲಿ ಮಾಂಸ ಮೀನಿನ ಅಂಶ ಕಡಿಮೆಯಾಗಿತ್ತು ಎಂಬುದನ್ನೂ ಮೂಳೆ ಹೇಳಿತು. ದೂರದೂರಿಗೆ ಬಂದು ಊಟ ಒಗ್ಗದೆ ಹೋದ ಹುಡುಗಿಯ ಕಥೆ ಎಂದು ಓದಿಕೊಳ್ಳುವುದು ನನ್ನ ಚಾಪಲ್ಯ, ವಿಜ್ಞಾನಿಗಳು ಅಷ್ಟು ಹೇಳಿಲ್ಲ.

ನಮ್ಮ ಓದುಗರಿಗೆ ಇನ್ನೂ ಹತ್ತಿರವಾದ ಉದಾಹರಣೆ ಫ್ರಾನ್ಸಿನದು. ಅಲ್ಲಿ 2001ರ ಜನವರಿಯಲ್ಲಿ ಮುಂಜಾಗ್ರತಾ ಪುರಾತತ್ವಕ್ಕೆಂದೇ ಕಾನೂನು ಬಂತು, ಮರುವರ್ಷ ಅದಕ್ಕಾಗಿ ರಾಷ್ಟ್ರೀಯ ಸಂಸ್ಥೆಯೂ ಹುಟ್ಟಿತು. ದಕ್ಷಿಣದ ನೀಮ್ ನಗರದಲ್ಲಿ ನೆಲದಡಿ ವಾಹನ ನಿಲ್ದಾಣ ಕಟ್ಟುವುದಕ್ಕೆ ಮುಂಚೆ 2006-07ರಲ್ಲಿ ಈ ಸಂಸ್ಥೆಯವರು ಅಗೆದರು. ರೋಮನ್ ಕಾಲದ ಊರು ಸಿಗುತ್ತದೆಂಬುದು ನಿರೀಕ್ಷಿತವೇ ಆಗಿತ್ತು. ಆದರೆ ಅಲ್ಲಲ್ಲಿ ಚದುರಿದ ಸುಮಾರು ಇಪ್ಪತ್ತು ಸಮಾಧಿಗಳಲ್ಲಿ ಮೂರು ಬೇರೆಯಾಗಿದ್ದವು. ಮೂವರೂ ಬಲ ಮಗ್ಗುಲಾಗಿ ಮಲಗಿದ್ದರು, ತಲೆ ನೈಋತ್ಯಕ್ಕೆ, ಮುಖ ಆಗ್ನೇಯಕ್ಕೆ. ನಮ್ಮಲ್ಲಿ ಮಯ್ಯತ್ತಿನ ತಲೆ ಉತ್ತರಕ್ಕೂ ಮುಖ ಪಶ್ಚಿಮಕ್ಕೂ ಇರುತ್ತದೆ. ಫ್ರಾನ್ಸಿನಿಂದ ಮಕ್ಕಾ ಇರುವುದು ಆಗ್ನೇಯಕ್ಕೆ. ಗುಂಡಿಯ ಒಂದು ಪಕ್ಕದಲ್ಲಿ ಗೂಡು ಕೊರೆದು ಅದರೊಳಗೆ ಮಲಗಿಸಲಾಗಿತ್ತು. ಲಹದ್ ಎಂದರೆ ಏನೆಂದು ಗೊತ್ತಿರುವ ಹಳ್ಳಿಯ ಮುದುಕರೊಬ್ಬರು ಅಲ್ಲಿದ್ದಿದ್ದರೆ ಒಂದೇ ನೋಟಕ್ಕೆ ಗುರುತಿಸುತ್ತಿದ್ದರು.

ಪಂಡಿತರು ಆತುರಪಡಲಿಲ್ಲ. ಇಂಗಾಲದ ಪರೀಕ್ಷೆಯಿಂದ ಏಳರಿಂದ ಒಂಬತ್ತನೆಯ ಶತಮಾನದೊಳಗಿನ ಕಾಲವೆಂದು ತಿಳಿಯಿತು. ವಂಶವಾಹಿ ಪರೀಕ್ಷೆಯಲ್ಲಿ ಮೂವರ ಪಿತೃವಂಶವೂ ಉತ್ತರ ಆಫ್ರಿಕಾದ ಬರ್ಬರ್ ಜನರ ಕಡೆಗೆ ಕೈ ತೋರಿತು. 2016ರ ಫೆಬ್ರವರಿಯಲ್ಲಿ ಪ್ರಬಂಧ ಪ್ರಕಟವಾಯಿತು. ಉಮಯ್ಯದ್ ಸೇನೆ ಕ್ರಿ.ಶ. 720ರ ಸುಮಾರಿಗೆ ನಾರ್ಬೊನ್ ನಗರವನ್ನು ಹಿಡಿದು 759ರವರೆಗೆ ಆ ಪ್ರದೇಶದಲ್ಲಿತ್ತು ಎಂಬುದು ಇತಿಹಾಸದಲ್ಲಿ ಮೊದಲೇ ಇದ್ದ ಸಂಗತಿ. ಈ ಮೂವರು ಆ ಸೇನೆಯ ಬರ್ಬರ್ ಯೋಧರಿರಬಹುದು ಎಂದು ಪ್ರಬಂಧಕಾರರು ಸೂಚಿಸಿದರು. ಇರಬಹುದು ಎಂಬ ಪದವನ್ನು ಗಮನಿಸಿ. ಯುದ್ಧದ ಕಥೆಗಳಲ್ಲಿ ಮಾತ್ರ ಹೆಸರು ಕೇಳುವ ಕಾಲವದು. ಅಲ್ಲಿ ಯಾರೋ ತಮ್ಮವರನ್ನು ದಿಕ್ಕು ನೋಡಿ, ಗೂಡು ಕೊರೆದು, ವಿಧಿಯಂತೆ ಮಣ್ಣು ಮಾಡಿದ್ದರು. ಅವರ ಗೋರಿಗಳು ಉಳಿದವರ ಸಮಾಧಿಗಳಿಂದ ದೂರವೂ ಇರಲಿಲ್ಲ, ರೋಮನ್ ಕೋಟೆಯ ಗೋಡೆಯೊಳಗೇ ಇದ್ದವು. ಯಂತ್ರ ನೇರವಾಗಿ ಇಳಿದಿದ್ದರೆ ಇದೆಲ್ಲ ಮೂರು ಲಾರಿ ಮಣ್ಣು.

ನಮ್ಮ ದೇಶದಲ್ಲಿ ಉತ್ಖನನ ಎಂಬ ಪದ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊಕದ್ದಮೆಯ ಸುದ್ದಿಯಲ್ಲಿ. ಅಲ್ಲಿ ಕೇಳುವ ಪ್ರಶ್ನೆ, ಇದು ಯಾರದು ಎಂಬುದು. ಪರೀಕ್ಷಾ ಕಂದಕ ಕೇಳುವುದು ಇಲ್ಲಿ ಏನಿದೆ ಎಂದು ಮಾತ್ರ, ಅದೂ ಉತ್ತರ ಯಾರಿಗೂ ಗೊತ್ತಿಲ್ಲದಾಗ. ಈ ಎರಡರ ವ್ಯತ್ಯಾಸ ನಮ್ಮ ಮಕ್ಕಳಿಗೆ ತಿಳಿಯಬೇಕು, ಇತಿಹಾಸದ ಪದವಿ ಓದುವವರಿಗಂತೂ ಅಗತ್ಯವಾಗಿ.

ಪದರ ನೋಡಿ ಅಗೆಯುವ ವಿದ್ಯೆ ಕರ್ನಾಟಕಕ್ಕೆ ಹೊಸದೇನಲ್ಲ. ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಅಗೆಸಿದರು. ಅವರಿಗಿಂತ ಮೊದಲೇ, 1929ರಲ್ಲಿ, ಮೈಸೂರಿನ ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲಿ ಕೆಲಸ ಮಾಡಿದ್ದರು. ಅಲ್ಲಿ ರೋಮನ್ ಬೆಳ್ಳಿ ನಾಣ್ಯ ಸಾತವಾಹನರ ಕಾಲದ ಅವಶೇಷಗಳ ನಡುವೆ ಸಿಕ್ಕಿತು. ಆದ್ದರಿಂದಲೇ ಆ ಕಾಲದ ವ್ಯಾಪಾರದ ಬಗ್ಗೆ ಅದು ಮಾತನಾಡುತ್ತದೆ. ಬೆಂಗಳೂರಿನ ಯಶವಂತಪುರದ ಬಳಿ 1891ರಲ್ಲಿ ರೈಲ್ವೆ ಕೆಲಸದ ವೇಳೆ ಅಂಥವೇ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅಗಸ್ಟಸ್, ತಿಬೇರಿಯಸ್ ಚಕ್ರವರ್ತಿಗಳ ಮುದ್ರೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಹೂಳಿಟ್ಟವನ ಮನೆ ಎಲ್ಲಿತ್ತು, ಅವನು ವ್ಯಾಪಾರಿಯೋ ಅಕ್ಕಸಾಲಿಗನೋ, ಪಕ್ಕದಲ್ಲಿ ಊರಿತ್ತೋ ಬರಿಯ ದಾರಿಯಿತ್ತೋ ಎಂಬುದನ್ನು ಇಂದು ಆ ನೆಲವನ್ನು ಕೇಳುವಂತಿಲ್ಲ.

ಕಾನೂನಿನ ಮಾತಿಗೆ ಬಂದರೆ, 1958ರ ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷೇಧ, ಅದರಾಚೆಯ 200 ಮೀಟರಿನಲ್ಲಿ ನಿಯಂತ್ರಣ. ಅದು ಗೋಡೆ ಗೋಪುರ ಕಾಣುವ ಜಾಗಕ್ಕೆ ಸರಿ. ಕಾಣದ ಜಾಗಕ್ಕೆ? ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಅಗೆದು ತೋರಿಸಿದ ಬೃಹತ್ ಶಿಲಾಯುಗದ ಸಮಾಧಿಗಳಂಥವು ನಮ್ಮ ಬಯಲುಸೀಮೆಯಲ್ಲಿ ಎಷ್ಟೋ ಇವೆ. ಬೆಂಗಳೂರು ಬೆಳೆಯುತ್ತಿರುವುದು ಆ ಕಡೆಗೇ. ಸೂರಿಲ್ಲದವರಿಗೆ ಮನೆ ಬೇಕು, ಇದರಲ್ಲಿ ಎರಡು ಮಾತಿಲ್ಲ. ಇಂಗ್ಲೆಂಡಿನ ಆ ಹುಡುಗಿ ಮಲಗಿದ್ದ ಹೊಲದಲ್ಲೂ ಇಂದು ಮನೆಗಳಿವೆ. ಮೊದಲು ನೋಡಿ ಆಮೇಲೆ ಕಟ್ಟಿದರು, ಅಷ್ಟೇ.

ನಮ್ಮ ವಿದ್ಯಾರ್ಥಿಗಳ ಮನೆಯ ಪಾಯದಲ್ಲೇ ನಾಳೆ ಒಂದು ಮಡಕೆ ಕಂಡರೆ ಏನು ಮಾಡಬೇಕು? ಎಳೆದು ತೆಗೆಯಬಾರದು. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಇದ್ದ ಹಾಗೆಯೇ ಚಿತ್ರ ತೆಗೆಯಬೇಕು, ಮೇಲ್ಮಟ್ಟದಿಂದ ಎಷ್ಟು ಅಡಿ ಕೆಳಗಿದೆ, ಮಣ್ಣಿನ ಬಣ್ಣ ಯಾವುದು ಎಂದು ಬರೆದುಕೊಳ್ಳಬೇಕು. ನಂತರ ತಹಶೀಲ್ದಾರರಿಗೋ ರಾಜ್ಯ ಪುರಾತತ್ವ ಇಲಾಖೆಗೋ ತಿಳಿಸಬೇಕು. ಮಡಕೆ ಕೈಗೆ ಬಂದೇ ಬಿಟ್ಟಿದ್ದರೆ ಅದನ್ನು ತೊಳೆಯಬಾರದು, ಒಳಗಿನ ಮಣ್ಣನ್ನೂ ಹಾಗೆಯೇ ಇಟ್ಟುಕೊಂಡಿರಬೇಕು.