ಎಳೆಯರ ಪ್ರತಿಭೆಯೂ ಹಿರಿಯರ ಅನುಭವವೂ
ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಚರಿತ್ರೆಯಿಂದ ಕೆಲವು ಪುಟಗಳು

ಸಂಘ ಸಂಸ್ಥೆಯಿರಲಿ, ಕುಟುಂಬವಿರಲಿ, ಸಮುದಾಯವಿರಲಿ, ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯೊಂದಿದೆ. ಹೊಣೆಯನ್ನು ಅನುಭವಸ್ಥರ ಕೈಯಲ್ಲಿಯೇ ಇರಿಸಬೇಕೇ ಅಥವಾ ಪ್ರತಿಭೆಯಿರುವ ಎಳೆಯರಿಗೆ ಒಪ್ಪಿಸಬೇಕೇ? ವೇದಿಕೆಯ ಮೇಲೆ ನಾವು ಇದಕ್ಕೆ ಸುಲಭವಾಗಿ ಉತ್ತರ ಹೇಳುತ್ತೇವೆ. ಯುವಕರೇ ನಾಳಿನ ನಾಯಕರು ಎನ್ನುತ್ತೇವೆ, ಆ ನಾಳೆಯನ್ನು ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೂಡುತ್ತೇವೆ.

ಈ ಪ್ರಶ್ನೆಯನ್ನು ಮುಂದೂಡಲು ಸಾಧ್ಯವೇ ಇಲ್ಲದ ಒಂದು ಕ್ಷೇತ್ರವಿದೆ. ಅದು ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್. ಅಲ್ಲಿ ಪ್ರತಿ ವರ್ಷವೂ ಕೊನೆಯ ವರ್ಷದ ವಿದ್ಯಾರ್ಥಿಗಳು ಹೊರಡುತ್ತಾರೆ, ಹೈಸ್ಕೂಲು ಮುಗಿಸಿದ ಹುಡುಗರು ಒಳಬರುತ್ತಾರೆ. ಎಷ್ಟೇ ದೊಡ್ಡ ಆಟಗಾರನಾದರೂ ಆಡಲು ಸಿಗುವುದು ಸಾಮಾನ್ಯವಾಗಿ ನಾಲ್ಕು ಋತುಗಳು ಮಾತ್ರ. ಆದ್ದರಿಂದ ಎಳೆಯರನ್ನು ಇಳಿಸಬೇಕೇ, ಹಿರಿಯರನ್ನು ನಂಬಬೇಕೇ ಎಂಬ ಪ್ರಶ್ನೆಗೆ ತರಬೇತುದಾರರು ಪ್ರತಿ ವರ್ಷವೂ ಉತ್ತರ ಕೊಡಲೇಬೇಕು. ಆ ಉತ್ತರ ಸರಿಯೋ ತಪ್ಪೋ ಎಂಬುದು ಮಾರ್ಚ್ ಮತ್ತು ಏಪ್ರಿಲ್ ತಿಂಗಳ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಅಂಕಗಳ ರೂಪದಲ್ಲಿ ಬಯಲಾಗುತ್ತದೆ. 1939ರಿಂದ ನಡೆದುಬಂದಿರುವ ಈ ಪಂದ್ಯಾವಳಿಯ ಚರಿತ್ರೆಯನ್ನು ತಿರುವಿ ಹಾಕಿದರೆ ನಮಗೂ ಉಪಯುಕ್ತವಾದ ಕೆಲವು ಸಂಗತಿಗಳು ದೊರೆಯುತ್ತವೆ. ಅದರಲ್ಲಿಯೂ ಈ ಚರಿತ್ರೆಯ ಇಬ್ಬರು ಮುಖ್ಯ ಪಾತ್ರಧಾರಿಗಳು ಮುಸ್ಲಿಮರು ಎಂಬುದು ಗಮನಾರ್ಹ.

ಶಾಲೆಯಲ್ಲೇ ಹುಟ್ಟಿದ ಆಟ

ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೇ ಒಂದು ಶಿಕ್ಷಣ ಸಂಸ್ಥೆಯಲ್ಲಿ. 1891ರ ಡಿಸೆಂಬರ್‌ನಲ್ಲಿ ಮಸಾಚುಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ರೂಪಿಸಿದರು. ಪೀಚ್ ಹಣ್ಣಿನ ಬುಟ್ಟಿಗಳನ್ನು ಬಾಲ್ಕನಿಯ ಕಂಬಿಗೆ ಬಡಿದು ಆಟ ಆರಂಭವಾಯಿತು. ಮುಂದೆ ಅದು ಕಾಲೇಜುಗಳಿಗೆ ಹಬ್ಬಿತು.

ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್.ಸಿ.ಎ.ಎ. ಬಹುಕಾಲ ಒಂದು ನಿಯಮವನ್ನು ಪಾಲಿಸಿತು. ಯುದ್ಧಕಾಲದ ವಿನಾಯಿತಿಗಳನ್ನು ಬಿಟ್ಟರೆ ಮೊದಲ ವರ್ಷದ ವಿದ್ಯಾರ್ಥಿಗಳು ಕಾಲೇಜಿನ ಮುಖ್ಯ ತಂಡದಲ್ಲಿ ಆಡುವಂತಿರಲಿಲ್ಲ. ಅವರಿಗಾಗಿ ಬೇರೆಯೇ ತಂಡವಿರುತ್ತಿತ್ತು. ಹೊಸಬರು ಮೊದಲು ಓದಿಗೆ ಹೊಂದಿಕೊಳ್ಳಲಿ, ಹಿರಿಯರನ್ನು ನೋಡಿ ಕಲಿಯಲಿ ಎಂಬುದು ಇದರ ಹಿಂದಿನ ತರ್ಕ. ಅನುಭವವಿಲ್ಲದವರು ಕಾಯಬೇಕು ಎಂಬುದನ್ನು ಕಾನೂನೇ ಹೇಳುತ್ತಿದ್ದ ಕಾಲವದು.

ಹೊಸಬರು ಹಿರಿಯರನ್ನು ಸೋಲಿಸಿದ ಸಂಜೆ

1965ರ ನವೆಂಬರ್ 27ರಂದು ಲಾಸ್ ಏಂಜಲೀಸ್‌ನಲ್ಲಿ ಈ ನಿಯಮಕ್ಕೇ ಸವಾಲೆಸೆಯುವ ಘಟನೆಯೊಂದು ನಡೆಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲ್ಲಿನ ಶಾಖೆ, ಅಂದರೆ ಯು.ಸಿ.ಎಲ್.ಎ., ಹಿಂದಿನ ಎರಡು ವರ್ಷಗಳ ರಾಷ್ಟ್ರೀಯ ಚಾಂಪಿಯನ್ ಆಗಿತ್ತು. ಹೊಸದಾಗಿ ಕಟ್ಟಿದ ಪೌಲಿ ಪೆವಿಲಿಯನ್ ಕ್ರೀಡಾಂಗಣದಲ್ಲಿ ಆ ಚಾಂಪಿಯನ್ ತಂಡ ತನ್ನದೇ ಕಾಲೇಜಿನ ಮೊದಲ ವರ್ಷದ ಹುಡುಗರೊಂದಿಗೆ ಆಡಿತು. ಹುಡುಗರು 75-60ರಿಂದ ಗೆದ್ದರು. ಅವರಲ್ಲಿ ನ್ಯೂಯಾರ್ಕ್‌ನಿಂದ ಬಂದಿದ್ದ, ಏಳು ಅಡಿ ಮೀರಿದ ಯುವಕನೊಬ್ಬ 31 ಅಂಕ ಗಳಿಸಿದ್ದ. ಆಗ ಅವನ ಹೆಸರು ಲ್ಯೂ ಅಲ್ಸಿಂಡರ್. ಮುಂದೆ ಜಗತ್ತು ಅವರನ್ನು ಕರೀಮ್ ಅಬ್ದುಲ್ ಜಬ್ಬಾರ್ ಎಂದು ಅರಿಯಿತು.

ನಿಯಮ ನಿಯಮವೇ. ದೇಶದ ಅತ್ಯುತ್ತಮ ತಂಡವನ್ನು ಸೋಲಿಸಿದ ಹುಡುಗರು ಆ ವರ್ಷವಿಡೀ ಕಾದರು. ಎರಡನೇ ವರ್ಷಕ್ಕೆ ಬಂದಾಗ ಅವರನ್ನು ತಡೆಯುವವರೇ ಇರಲಿಲ್ಲ. 1966-67ರಲ್ಲಿ ಯು.ಸಿ.ಎಲ್.ಎ. ಆಡಿದ 30 ಪಂದ್ಯಗಳನ್ನೂ ಗೆದ್ದಿತು. ಅಂಗಳಕ್ಕಿಳಿಯುತ್ತಿದ್ದ ಮೊದಲ ಐವರಲ್ಲಿ ನಾಲ್ವರು ಎರಡನೇ ವರ್ಷದವರು, ಮೈಕ್ ವಾರನ್ ಒಬ್ಬರೇ ಮೂರನೇ ವರ್ಷದವರು. 1967, 1968, 1969ರಲ್ಲಿ ಸತತ ಮೂರು ಪ್ರಶಸ್ತಿಗಳು ಬಂದವು. ಆ ಮೂರು ವರ್ಷಗಳಲ್ಲಿ ತಂಡ ಸೋತದ್ದು ಎರಡೇ ಪಂದ್ಯ.

ಇದನ್ನು ಎಳೆಯ ಪ್ರತಿಭೆಯ ವಿಜಯವೆಂದು ಕರೆಯಬಹುದು. ಆದರೆ ಅಂಗಳದ ಬದಿಯಲ್ಲಿ ಕುಳಿತಿದ್ದವರನ್ನೂ ನೋಡಬೇಕು. ತರಬೇತುದಾರ ಜಾನ್ ವುಡನ್ ಹುಟ್ಟಿದ್ದು 1910ರಲ್ಲಿ. 1948ರಲ್ಲಿ ಅವರು ಆ ಕಾಲೇಜಿಗೆ ಬಂದರು. ಮೊದಲ ರಾಷ್ಟ್ರೀಯ ಪ್ರಶಸ್ತಿ ದೊರೆತದ್ದು 1964ರಲ್ಲಿ, ಅಂದರೆ ಅವರ ಹದಿನಾರನೇ ಋತುವಿನಲ್ಲಿ. ಹದಿನೈದು ವರ್ಷ ಪ್ರಶಸ್ತಿಯಿಲ್ಲದ ಶಿಕ್ಷಕನನ್ನು ಕಾಲೇಜು ಉಳಿಸಿಕೊಂಡಿತು, ನಂತರದ ಹನ್ನೆರಡು ವರ್ಷಗಳಲ್ಲಿ ಅವರು ಹತ್ತು ಪ್ರಶಸ್ತಿ ತಂದರು. ಋತುವಿನ ಮೊದಲ ದಿನ ಅವರು ಕಲಿಸುತ್ತಿದ್ದ ಪಾಠ, ಕಾಲಿಗೆ ಬೊಬ್ಬೆ ಏಳದಂತೆ ಕಾಲುಚೀಲ ಹಾಕಿಕೊಂಡು ಬೂಟಿನ ದಾರ ಬಿಗಿಯುವುದು ಹೇಗೆ ಎಂಬುದಾಗಿತ್ತು. ಅಲ್ಸಿಂಡರ್‌ನಂತಹ ಪ್ರತಿಭೆಗೂ ಅದರಿಂದ ವಿನಾಯಿತಿ ಇರಲಿಲ್ಲ.

1967ರಲ್ಲಿ ಚೆಂಡನ್ನು ಮೇಲಿನಿಂದ ಬುಟ್ಟಿಗೆ ತುರುಕುವ 'ಡಂಕ್' ಅನ್ನು ಕಾಲೇಜು ಆಟದಲ್ಲಿ ನಿಷೇಧಿಸಲಾಯಿತು. ಈ ನಿಷೇಧ 1976ರವರೆಗೂ ಇತ್ತು. ಅಲ್ಸಿಂಡರ್‌ನನ್ನು ಕಟ್ಟಿಹಾಕಲೆಂದೇ ಇದನ್ನು ತಂದರೆಂದು ಅನೇಕರು ನಂಬಿದರು. ಆ ಯುವಕ ತನ್ನಲ್ಲಿದ್ದ ಇನ್ನೊಂದು ಎಸೆತವನ್ನು ಮತ್ತಷ್ಟು ಸಾಣೆ ಹಿಡಿದ. ಒಂದೇ ಕೈಯನ್ನು ತಲೆಯ ಮೇಲೆ ಕಮಾನಿನಂತೆ ತಿರುಗಿಸಿ ಎಸೆಯುವ 'ಸ್ಕೈಹುಕ್' ಮುಂದೆ ಅವರ ಗುರುತಾಯಿತು. ಕಾಲೇಜಿನ ದಿನಗಳಲ್ಲಿಯೇ ಮಾಲ್ಕಂ ಎಕ್ಸ್‌ರ ಆತ್ಮಕಥೆಯನ್ನು ಓದಿದ ಅವರು 1968ರಲ್ಲಿ ಇಸ್ಲಾಮ್ ಸ್ವೀಕರಿಸಿದರು, 1971ರಲ್ಲಿ ಬಹಿರಂಗವಾಗಿ ಹೆಸರು ಬದಲಿಸಿಕೊಂಡರು. 1969ರಲ್ಲಿ ಇತಿಹಾಸ ವಿಷಯದಲ್ಲಿ ಪದವಿ ಪಡೆದೇ ಹೊರಬಂದರು. ವೃತ್ತಿಪರ ಲೀಗಾದ ಎನ್.ಬಿ.ಎ.ಯಲ್ಲಿ ಇಪ್ಪತ್ತು ಋತು ಆಡಿ, 1989ರಲ್ಲಿ ನಿವೃತ್ತರಾದಾಗ ಅವರ ವಯಸ್ಸು 42. ಆಟದ ನಂತರ ಅವರು ಇತಿಹಾಸದ ಪುಸ್ತಕಗಳನ್ನೂ ಬರೆದರು.

ಹಸಿವು ಕಾಯುವುದಿಲ್ಲ

ಕಾಯುವುದು ಒಳ್ಳೆಯದೇ. ಆದರೆ ಎಲ್ಲರ ಮನೆಯಲ್ಲೂ ಕಾಯುವ ಶಕ್ತಿ ಇರುತ್ತದೆಯೇ? ಹೈಸ್ಕೂಲು ಮುಗಿದು ನಾಲ್ಕು ವರ್ಷವಾಗದೆ ಯಾರನ್ನೂ ಸೇರಿಸಿಕೊಳ್ಳಬಾರದೆಂಬುದು ಆಗ ಎನ್.ಬಿ.ಎ.ಯ ನಿಯಮವಾಗಿತ್ತು. ಮಿಸಿಸಿಪ್ಪಿಯ ಬಡ ಕಪ್ಪು ಕುಟುಂಬದ ಸ್ಪೆನ್ಸರ್ ಹೇವುಡ್ ಹತ್ತು ಮಕ್ಕಳಲ್ಲಿ ಒಬ್ಬರು. ತಾಯಿ ಹತ್ತಿ ಬಿಡಿಸಿ ಮಕ್ಕಳನ್ನು ಸಾಕಿದವರು. 1968ರ ಒಲಿಂಪಿಕ್ಸ್‌ನಲ್ಲಿ ದೇಶಕ್ಕೆ ಚಿನ್ನ ತಂದ ಈ ಯುವಕ ನಾಲ್ಕು ವರ್ಷ ಏಕೆ ಕಾಯಬೇಕು ಎಂದು ನ್ಯಾಯಾಲಯದ ಮೆಟ್ಟಿಲೇರಿದರು. 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. ಮರುವರ್ಷ ಎನ್.ಸಿ.ಎ.ಎ. ಕೂಡ ಮೊದಲ ವರ್ಷದವರಿಗೆ ಮುಖ್ಯ ತಂಡದ ಬಾಗಿಲು ತೆರೆಯಿತು. ಎಳೆಯರನ್ನು ಕಾಯಿಸುವವರು ಅವರ ಮನೆಯ ಒಲೆಯ ಬಗ್ಗೆಯೂ ಯೋಚಿಸಬೇಕು ಎಂಬುದು ಹೇವುಡ್ ಪ್ರಕರಣದ ಪಾಠ.

ಲಾಗೋಸ್‌ನಿಂದ ಬಂದ ಹುಡುಗ

ನೈಜೀರಿಯಾದ ಲಾಗೋಸ್ ನಗರದ ಮುಸ್ಲಿಮ್ ಟೀಚರ್ಸ್ ಕಾಲೇಜಿನಲ್ಲಿ ಹಕೀಮ್ ಒಲಾಜುವನ್ ಎಂಬ ವಿದ್ಯಾರ್ಥಿ ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಡುತ್ತಿದ್ದ. ಹದಿನೈದು ವರ್ಷದವರೆಗೆ ಬ್ಯಾಸ್ಕೆಟ್‌ಬಾಲ್ ಆಡಿದವನೇ ಅಲ್ಲ. 1980ರಲ್ಲಿ ಆತ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯಕ್ಕೆ ಬಂದ. ಮೊದಲ ವರ್ಷ ಪಂದ್ಯಗಳಲ್ಲಿ ಆಡಲಾಗಲಿಲ್ಲ. ಬೇಸಿಗೆಯಲ್ಲಿ ನಗರದ ಒಂದು ಸಾರ್ವಜನಿಕ ವ್ಯಾಯಾಮಶಾಲೆಯಲ್ಲಿ, ಆಗಿನ ಶ್ರೇಷ್ಠ ವೃತ್ತಿಪರ ಆಟಗಾರ ಮೋಸೆಸ್ ಮಲೋನ್ ಎದುರು ದಿನವೂ ಆಡಿ, ಪೆಟ್ಟು ತಿಂದು, ಕಲಿತ. ಮಲೋನ್ ಸ್ವತಃ ಕಾಲೇಜಿನ ಮೆಟ್ಟಿಲು ಹತ್ತದೆ ನೇರವಾಗಿ ವೃತ್ತಿಗೆ ಇಳಿದವರು. ಆದರೂ ಆ ಹುಡುಗನಿಗೆ ಅವರೇ ದೊಡ್ಡ ಪಾಠಶಾಲೆಯಾದರು. ಅನುಭವಿ ಎನಿಸಿಕೊಳ್ಳಲು ಪ್ರಮಾಣಪತ್ರ ಬೇಕಿಲ್ಲ, ಕಲಿಸುವ ಮನಸ್ಸು ಬೇಕು.

1983ರ ಫೈನಲ್‌ನಲ್ಲಿ ಹ್ಯೂಸ್ಟನ್ ಸತತ 26 ಗೆಲುವುಗಳ ನಂತರ ಅಂಗಳಕ್ಕಿಳಿಯಿತು. ಎದುರಾಳಿ ನಾರ್ತ್ ಕ್ಯಾರೊಲಿನಾ ಸ್ಟೇಟ್ ಆ ಋತುವಿನಲ್ಲಿ ಹತ್ತು ಪಂದ್ಯ ಸೋತಿದ್ದ ತಂಡ. ಅದರ ಆಸ್ತಿಯೆಂದರೆ ನಾಲ್ಕು ವರ್ಷ ಒಟ್ಟಿಗೆ ಆಡಿದ ಮೂವರು ಕೊನೆಯ ವರ್ಷದ ಆಟಗಾರರು. ಅಂಕ 52-52 ಇದ್ದಾಗ ಅವರಲ್ಲೊಬ್ಬರಾದ ಡೆರೆಕ್ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ಬುಟ್ಟಿಯನ್ನು ತಲುಪಲಿಲ್ಲ. ಎರಡನೇ ವರ್ಷದ ಲೊರೆಂಜೊ ಚಾರ್ಲ್ಸ್ ಅದನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿದ. ಕೊನೆಯ ಕ್ಷಣದಲ್ಲಿ ಪಂದ್ಯ ಮುಗಿಯಿತು. ಹಿರಿಯರು ತಂಡವನ್ನು ಅಲ್ಲಿಯವರೆಗೆ ತಂದರು, ಹಿರಿಯನ ಎಸೆತ ತಪ್ಪಿದಾಗ ಕಿರಿಯ ಅದನ್ನು ಪೂರ್ತಿಗೊಳಿಸಿದ.

ಸೋತ ತಂಡದವನಾದರೂ ಪಂದ್ಯಾವಳಿಯ ಶ್ರೇಷ್ಠ ಆಟಗಾರ ಪ್ರಶಸ್ತಿ ಒಲಾಜುವನ್‌ಗೆ ಬಂತು. ಮುಂದೆ 1994 ಮತ್ತು 1995ರಲ್ಲಿ ಅವರು ಹ್ಯೂಸ್ಟನ್‌ನ ವೃತ್ತಿಪರ ತಂಡಕ್ಕೆ ಎನ್.ಬಿ.ಎ. ಪ್ರಶಸ್ತಿ ತಂದರು. 1995ರ ಫೆಬ್ರವರಿಯಲ್ಲಿ ರಮಝಾನ್ ಉಪವಾಸವಿದ್ದುಕೊಂಡೇ ಆಡಿ ಆ ತಿಂಗಳ ಶ್ರೇಷ್ಠ ಆಟಗಾರನೆಂಬ ಗೌರವಕ್ಕೆ ಪಾತ್ರರಾದರು.

ಐವರು ಹುಡುಗರು, ಹನ್ನೊಂದು ಸೆಕೆಂಡು

1991ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಐವರು ಅಸಾಧಾರಣ ಹುಡುಗರು ಒಟ್ಟಿಗೆ ಬಂದರು. ಕ್ರಿಸ್ ವೆಬರ್, ಜೇಲನ್ ರೋಸ್, ಜುವಾನ್ ಹೊವಾರ್ಡ್, ಜಿಮ್ಮಿ ಕಿಂಗ್ ಮತ್ತು ರೇ ಜಾಕ್ಸನ್. ಋತುವಿನ ಮಧ್ಯದಲ್ಲಿ ಆ ಐವರೇ ಮೊದಲ ಐವರಾಗಿ ಆಡತೊಡಗಿದರು. ಅಪರೂಪದ ದೃಶ್ಯವಿದು. 1992ರ ಫೈನಲ್ ತಲುಪಿ ಡ್ಯೂಕ್ ವಿರುದ್ಧ 71-51ರಿಂದ ಸೋತರು. ಮರುವರ್ಷ ಮತ್ತೆ ಫೈನಲ್. 1993ರ ಏಪ್ರಿಲ್ 5ರಂದು ನಾರ್ತ್ ಕ್ಯಾರೊಲಿನಾ ಎದುರು 73-71ರಿಂದ ಹಿಂದಿದ್ದಾಗ ಉಳಿದಿದ್ದದ್ದು 11 ಸೆಕೆಂಡು. ಎದುರಾಳಿಯ ಕೊನೆಯ ವರ್ಷದ ಆಟಗಾರ ಜಾರ್ಜ್ ಲಿಂಚ್ ಮತ್ತು ಡೆರಿಕ್ ಫೆಲ್ಪ್ಸ್ ವೆಬರ್‌ನನ್ನು ಮೂಲೆಗೆ ಒತ್ತಿದರು. ವೆಬರ್ ಟೈಮ್‌ಔಟ್ ಕೇಳಿದರು. ತಂಡದ ಬಳಿ ಒಂದೂ ಟೈಮ್‌ಔಟ್ ಉಳಿದಿರಲಿಲ್ಲ. ದಂಡ ಬಿತ್ತು, 77-71ರಿಂದ ಪಂದ್ಯ ಹೋಯಿತು. ಅಂಗಳದ ಮೇಲಿನ ಅತ್ಯಂತ ಪ್ರತಿಭಾವಂತನಿಗೆ ತಿಳಿಯದೆ ಹೋದದ್ದು ಒಂದು ಸಣ್ಣ ಲೆಕ್ಕ. ಅನುಭವವೆಂದರೆ ಹೆಚ್ಚಿನ ಸಂದರ್ಭಗಳಲ್ಲಿ ಇಂತಹ ಸಣ್ಣ ಲೆಕ್ಕವೇ.

ಆ ಐವರಲ್ಲಿ ಹೊವಾರ್ಡ್ 1994ರಲ್ಲಿ ಓದು ಮುಗಿಯುವ ಮೊದಲೇ ಎನ್.ಬಿ.ಎ. ಸೇರಿದರು. ಆದರೆ ಆಡುತ್ತಲೇ ಓದಿ, 1995ರಲ್ಲಿ ತಮ್ಮ ಸಹಪಾಠಿಗಳೊಂದಿಗೇ ಪದವಿ ಪಡೆದರು. ದುಡಿಮೆಗೆ ಹೋದವನ ಓದು ನಿಲ್ಲಲೇಬೇಕೆಂದಿಲ್ಲ.

ಜಾಗ ಬಿಟ್ಟ ನಾಯಕ

2003ರಲ್ಲಿ ಲೆಬ್ರಾನ್ ಜೇಮ್ಸ್ ಹೈಸ್ಕೂಲಿನಿಂದ ನೇರವಾಗಿ ಎನ್.ಬಿ.ಎ.ಗೆ ಬಂದರು. ಕರೀಮ್‌ರ 38,387 ಅಂಕಗಳ ದಾಖಲೆಯನ್ನು 2023ರಲ್ಲಿ ಮುರಿದದ್ದು ಕಾಲೇಜನ್ನೇ ನೋಡದ ಇದೇ ಲೆಬ್ರಾನ್. ಚರಿತ್ರೆ ಒಂದೇ ಪಕ್ಷದ ಸಾಕ್ಷಿ ಹೇಳುವುದಿಲ್ಲ. 2005ರ ಒಪ್ಪಂದದಲ್ಲಿ ಎನ್.ಬಿ.ಎ. ಕನಿಷ್ಠ ವಯಸ್ಸನ್ನು 19ಕ್ಕೆ ಏರಿಸಿತು. ಆಗ ಒಂದೇ ವರ್ಷ ಕಾಲೇಜಿನಲ್ಲಿದ್ದು ಹೊರಡುವ ಹುಡುಗರ ಕಾಲ ಬಂತು. ಅಂತಹವರನ್ನೇ ನೆಚ್ಚಿದ ಕೆಂಟಕಿ 2012ರಲ್ಲಿ ಕ್ಯಾನ್ಸಸ್‌ನ್ನು 67-59ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅದೇ ಕೆಂಟಕಿ 2015ರಲ್ಲಿ 38 ಪಂದ್ಯ ಸತತವಾಗಿ ಗೆದ್ದು, ಹಿರಿಯ ಆಟಗಾರರಿದ್ದ ವಿಸ್ಕಾನ್ಸಿನ್‌ಗೆ ಸೆಮಿಫೈನಲ್‌ನಲ್ಲಿ 71-64ರಿಂದ ಸೋತಿತು.

ಆ ವಿಸ್ಕಾನ್ಸಿನ್‌ನ್ನು ಫೈನಲ್‌ನಲ್ಲಿ 68-63ರಿಂದ ಸೋಲಿಸಿದ್ದು ಡ್ಯೂಕ್. ಅದರ ಮುಖ್ಯ ಬಲವೂ ಮೊದಲ ವರ್ಷದ ಹುಡುಗರೇ. ಹಾಗಾದರೆ ಗೆದ್ದದ್ದು ಎಳೆತನವೇ? ಆ ತಂಡದ ನಾಯಕ ಕ್ವಿನ್ ಕುಕ್ ಕೊನೆಯ ವರ್ಷದ ವಿದ್ಯಾರ್ಥಿ. ಆಟವನ್ನು ನಡೆಸುವ ಸ್ಥಾನ ಅವರದಾಗಿತ್ತು. ಟೈಯಸ್ ಜೋನ್ಸ್ ಎಂಬ ಹೊಸಬ ಬಂದಾಗ ಕುಕ್ ಆ ಸ್ಥಾನವನ್ನು ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದು ಆಡಿದರು. ಅವರು ತಂಡವನ್ನು ಬಿಡಲಿಲ್ಲ, ಸ್ಥಾನವನ್ನು ಮಾತ್ರ ಬಿಟ್ಟರು. ಫೈನಲ್‌ನಲ್ಲಿ 23 ಅಂಕ ಗಳಿಸಿ ಶ್ರೇಷ್ಠ ಆಟಗಾರನಾದದ್ದು ಅದೇ ಟೈಯಸ್ ಜೋನ್ಸ್.

2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಯಿತು, ಕಾಲೇಜು ಬದಲಿಸುವುದೂ ಸುಲಭವಾಯಿತು. 2025ರಲ್ಲಿ ಪ್ರಶಸ್ತಿ ಗೆದ್ದ ಫ್ಲಾರಿಡಾ ತಂಡದ ಪ್ರಮುಖರು ಬೇರೆ ಕಾಲೇಜುಗಳಲ್ಲಿ ಪಳಗಿ ಬಂದ ಕೊನೆಯ ವರ್ಷದ ಆಟಗಾರರು. ಅನುಭವವನ್ನು ಈಗ ಹೊರಗಿನಿಂದ ತರಿಸಿಕೊಳ್ಳಬಹುದು. ಆದರೆ ಅದಕ್ಕೆ ಬೆಲೆ ತೆರುವ ಶಕ್ತಿ ಬೇಕು. ಆ ಶಕ್ತಿಯಿಲ್ಲದವರು ಅದನ್ನು ಮನೆಯಲ್ಲೇ ಬೆಳೆಸಬೇಕು.

ನಮ್ಮ ಚರಿತ್ರೆಯ ಪಾಠ

ಈ ಪುಟಗಳನ್ನೆಲ್ಲ ಕೂಡಿಸಿ ನೋಡಿದರೆ ಅನುಭವ ಮತ್ತು ಪ್ರತಿಭೆ ಪರಸ್ಪರ ವೈರಿಗಳಲ್ಲ ಎಂಬುದು ಸ್ಪಷ್ಟವಾಗುತ್ತದೆ. ಹಿರಿಯರು ಜೊತೆಯಲ್ಲಿದ್ದು ಜಾಗ ಬಿಟ್ಟುಕೊಟ್ಟಲ್ಲಿ ಎಳೆಯರು ಅರಳಿದ್ದಾರೆ. ಇಸ್ಲಾಮಿನ ಚರಿತ್ರೆಯನ್ನು ಬಲ್ಲ ನಮಗೆ ಇದು ಹೊಸ ವಿಷಯವೇನಲ್ಲ. ಪ್ರವಾದಿ ಮುಹಮ್ಮದ್(ಸ) ತಮ್ಮ ಕೊನೆಯ ದಿನಗಳಲ್ಲಿ ಸಿರಿಯಾ ಗಡಿಯತ್ತ ಹೊರಟ ಸೈನ್ಯಕ್ಕೆ ಇನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಉಸಾಮಾ ಬಿನ್ ಝೈದ್(ರ)ರನ್ನು ನಾಯಕರನ್ನಾಗಿ ನೇಮಿಸಿದರು. ಹಿರಿಯ ಸಹಾಬಿಗಳಿದ್ದ ಸೈನ್ಯವದು. ವಯಸ್ಸಿನ ಬಗ್ಗೆ ಆಕ್ಷೇಪ ಬಂದಾಗ ಪ್ರವಾದಿಯವರು(ಸ) ಉಸಾಮಾರ ಅರ್ಹತೆಯನ್ನು ಎತ್ತಿಹಿಡಿದರು. ಪ್ರವಾದಿಯವರ(ಸ) ನಿಧನದ ಬಳಿಕ ಖಲೀಫರಾದ ಅಬೂಬಕರ್(ರ) ಆ ನೇಮಕವನ್ನು ಬದಲಿಸಲಿಲ್ಲ. ಉಸಾಮಾ ಕುದುರೆಯ ಮೇಲಿದ್ದರೆ ಖಲೀಫರು ಕಾಲ್ನಡಿಗೆಯಲ್ಲಿ ಅವರನ್ನು ಬೀಳ್ಕೊಟ್ಟರು. ಉಮರ್(ರ)ರನ್ನು ಮದೀನಾದಲ್ಲಿ ಉಳಿಸಿಕೊಳ್ಳಲು ಆ ಯುವ ನಾಯಕನ ಅನುಮತಿಯನ್ನೂ ಕೇಳಿದರು.

ಇನ್ನು ನಮ್ಮ ಇಂದಿನ ಸ್ಥಿತಿ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ಇಪ್ಪತ್ತು ವರ್ಷ ಮೀರಿದ ಮುಸ್ಲಿಮರಲ್ಲಿ ಪದವೀಧರರು ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆಯಿದ್ದರು. ನಂತರ ಪರಿಸ್ಥಿತಿ ಸುಧಾರಿಸಿದೆಯಾದರೂ, ಪಿ.ಯು.ಸಿ. ಮುಗಿಯುತ್ತಲೇ ಅಂಗಡಿಗೋ ಗಲ್ಫಿಗೋ ಹೊರಡುವ ಜಾಣ ಹುಡುಗರು, ಮದುವೆಗಾಗಿ ಓದು ಬಿಡುವ ಜಾಣೆಯರು ಇಂದಿಗೂ ಪ್ರತಿ ಊರಿನಲ್ಲೂ ಇದ್ದಾರೆ. ಅವರಿಗೆ ಉಪದೇಶ ಸಾಲದು. ಹೇವುಡ್‌ನ ತಾಯಿಯಂತಹ ತಾಯಂದಿರ ಹೊರೆ ಇಳಿಸುವ ವಿದ್ಯಾರ್ಥಿವೇತನ ಬೇಕು, ಹೊವಾರ್ಡ್‌ನಂತೆ ದುಡಿಯುತ್ತಲೇ ಓದುವವರಿಗೆ ದಾರಿ ಬೇಕು.

ಹಾಗೆಯೇ ಓದಿ ಮರಳಿ ಬಂದವರಿಗೆ ನಮ್ಮ ಸಮಿತಿಗಳಲ್ಲಿ ಕುರ್ಚಿಯೂ ಬೇಕು. ಕಾರ್ಯಕ್ರಮದ ದಿನ ಹಾಲಿನ ಕುರ್ಚಿ ಜೋಡಿಸುವ ಕೆಲಸ ಮಾತ್ರ ಅವರದಾದರೆ ಅವರು ಎಷ್ಟು ದಿನ ನಿಂತಾರು? ನಮ್ಮ ಹಿರಿಯರು ಕಟ್ಟಿ ಬೆಳೆಸಿದ ಸಂಸ್ಥೆಗಳ ಮೇಲೆ ನಮಗೆಲ್ಲ ಅಪಾರ ಗೌರವವಿದೆ. ಆ ಸಂಸ್ಥೆಗಳು ಉಳಿಯಬೇಕಾದರೆ ಹಿರಿಯರು ಕ್ವಿನ್ ಕುಕ್‌ನಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕು, ಆದರೆ ಅಂಗಳ ಬಿಟ್ಟು ಹೋಗಬಾರದು. ಎಷ್ಟು ಟೈಮ್‌ಔಟ್ ಉಳಿದಿದೆ ಎಂದು ಹೇಳುವವರೊಬ್ಬರು ಎಳೆಯರ ಪಕ್ಕದಲ್ಲಿ ಇದ್ದೇ ಇರಬೇಕು.