ಆರ್ಥರ್ ಸಿ. ಕ್ಲಾರ್ಕ್: ಒಂದು ಕಕ್ಷೆಯ ಚರಿತ್ರೆ

ವೈಜ್ಞಾನಿಕ ಕಥಾಸಾಹಿತ್ಯವನ್ನು ಭವಿಷ್ಯವಾಣಿಯೆಂದು ಬಗೆಯುವ ರೂಢಿ ಬಲವಾಗಿದೆ. ಯಾವ ಊಹೆ ನಿಜವಾಯಿತೆಂಬುದೇ ಅಂಥ ಲೇಖಕರ ಹಿರಿಮೆಯ ಅಳತೆಗೋಲಾಗುತ್ತದೆ. ಆರ್ಥರ್ ಸಿ. ಕ್ಲಾರ್ಕ್ (1917–2008) ಅವರ ಸಾಧನೆಯನ್ನು ಅಳೆಯಲು ಈ ಕೋಲು ಸಾಲದು.

ಇಂಗ್ಲೆಂಡಿನ ಮೈನ್‌ಹೆಡ್‌ನಲ್ಲಿ ಜನಿಸಿದ ಕ್ಲಾರ್ಕ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ರೇಡಾರ್ ವಿಭಾಗದಲ್ಲಿ ದುಡಿದರು. 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯ 1945ರ ಅಕ್ಟೋಬರ್ ಸಂಚಿಕೆಯಲ್ಲಿ ಅವರ ಪ್ರಸಿದ್ಧ ಲೇಖನ ಪ್ರಕಟವಾಯಿತು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ಆವರ್ತನದೊಡನೆಯೇ ಸಾಗುವುದರಿಂದ ನೆಲದಲ್ಲಿರುವವರಿಗೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಅಂತಹ ಮೂರು ನಿಲ್ದಾಣಗಳಿಂದ ಹೆಚ್ಚುಕಡಿಮೆ ಇಡೀ ಜಗತ್ತಿಗೆ ಪ್ರಸಾರ ಸಾಧ್ಯವೆಂದು ಅವರು ಲೆಕ್ಕ ಹಾಕಿ ತೋರಿಸಿದರು.

ಈ ಕಕ್ಷೆಯನ್ನು ಮೊದಲು ಕಲ್ಪಿಸಿದವರು ಕ್ಲಾರ್ಕ್ ಅಲ್ಲ. ಹರ್ಮನ್ ಪೊಟೋಚ್ನಿಕ್ 1920ರ ದಶಕದ ಕೊನೆಯಲ್ಲಿಯೇ ಅದನ್ನು ವಿವರಿಸಿದ್ದರು. ಅದನ್ನು ವಿಶ್ವವ್ಯಾಪಿ ಸಂಪರ್ಕಕ್ಕೆ ಬಳಸುವ ಯೋಜನೆ ಕ್ಲಾರ್ಕ್ ಅವರದು. ಟ್ರಾನ್ಸಿಸ್ಟರ್ ಇನ್ನೂ ಬಾರದಿದ್ದ ಆ ಕಾಲದಲ್ಲಿ ಅವರು ಊಹಿಸಿದ್ದು ಮನುಷ್ಯರೇ ಇದ್ದು ನಡೆಸುವ ನಿಲ್ದಾಣಗಳನ್ನು. 1964ರಲ್ಲಿ ಆ ಕಕ್ಷೆ ಸೇರಿದ 'ಸಿಂಕಾಮ್-3' ಮಾನವರಹಿತ ಯಂತ್ರ. ವಿವರಗಳಲ್ಲಿ ಊಹೆ ತಪ್ಪಿತು, ಲೆಕ್ಕ ಉಳಿಯಿತು.

1956ರಲ್ಲಿ ಕ್ಲಾರ್ಕ್, ಕಡಲಾಳದ ಶೋಧನೆಯ ಆಸಕ್ತಿಯಿಂದ ಅಂದಿನ ಸಿಲೋನಿಗೆ ಬಂದು ಕೊನೆಯವರೆಗೂ ಅಲ್ಲಿಯೇ ನೆಲೆಸಿದರು. ಸ್ಟಾನ್ಲಿ ಕುಬ್ರಿಕ್ ಅವರೊಡನೆ ರೂಪಿಸಿದ '2001: ಎ ಸ್ಪೇಸ್ ಒಡಿಸ್ಸಿ' (1968) ಜಗತ್ಪ್ರಸಿದ್ಧಿ ತಂದಿತು. ಆದರೆ 1945ರ ಚಿಂತನೆ ಕಥಾರೂಪದಲ್ಲಿ ಮರಳಿದ್ದು 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' (1979) ಕಾದಂಬರಿಯಲ್ಲಿ. ಶ್ರೀಲಂಕೆಯನ್ನು ಹೋಲುವ ದ್ವೀಪದಿಂದ ಅದೇ ಕಕ್ಷೆಗೆ ಏರುವ ಗೋಪುರ ಅದರ ವಸ್ತು. ಗೋಪುರಕ್ಕೆ ಬೇಕಾದ ಪರ್ವತಶಿಖರದಲ್ಲಿ ಬೌದ್ಧ ವಿಹಾರವಿದೆ. ತಂತ್ರಜ್ಞಾನದ ಹೆಜ್ಜೆ ಯಾರ ನೆಲದ ಮೇಲೆ ಬೀಳುತ್ತದೆಂಬ ಪ್ರಶ್ನೆಯನ್ನು ಕಾದಂಬರಿ ಹೀಗೆ ಎತ್ತುತ್ತದೆ.

ಈ ಪ್ರಶ್ನೆಗೆ ಭಾರತದಲ್ಲಿ ಬೇರೊಂದು ಬಗೆಯ ಉತ್ತರ ದೊರೆತಿತ್ತು. ಅಮೆರಿಕದ 'ಎಟಿಎಸ್-6' ಉಪಗ್ರಹದ ನೆರವಿನಿಂದ 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಪ್ರಸಾರದ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಭಾರತೀಯ ಎಂಜಿನಿಯರುಗಳು ಕೊಲಂಬೊದ ಕ್ಲಾರ್ಕ್ ನಿವಾಸದಲ್ಲಿಯೂ ಇದರ ಗ್ರಾಹಕ ಆಂಟೆನಾ ಅಳವಡಿಸಿದರು. ಮೂವತ್ತು ವರ್ಷಗಳ ಹಿಂದೆ ತಾವು ಮಾಡಿದ ಲೆಕ್ಕದ ಫಲವನ್ನು ಅವರು ಹಳ್ಳಿಗರೊಡನೆ ಏಕಕಾಲಕ್ಕೆ ಕಂಡರು.

ಉಪಗ್ರಹ ಪರರದಾದ್ದರಿಂದ ವರ್ಷ ಮುಗಿಯುತ್ತಲೇ ಆ ಪ್ರಸಾರ ನಿಂತಿತು. ಸ್ವಂತ ವ್ಯವಸ್ಥೆಯ ಅಗತ್ಯವನ್ನು ಅದು ಮನಗಾಣಿಸಿತು. 1980ರ ದಶಕದಲ್ಲಿ ಇನ್ಸಾಟ್ ಸರಣಿಯೂ ಅದರ ಹಾಸನದ ಮುಖ್ಯ ನಿಯಂತ್ರಣ ಕೇಂದ್ರವೂ ಅಸ್ತಿತ್ವಕ್ಕೆ ಬಂದವು. ಕಲ್ಪನೆಗೆ ಲೆಕ್ಕದ ಶಿಸ್ತನ್ನು ತಂದು, ಇತರರು ಮುಂದುವರಿಸಬಹುದಾದ ರೂಪದಲ್ಲಿ ಅದನ್ನು ಬಿಟ್ಟುಹೋದದ್ದೇ ಕ್ಲಾರ್ಕ್ ಅವರ ನಿಜವಾದ ಪರಂಪರೆ. ಆ ಪರಂಪರೆಯಲ್ಲಿ ಹಾಸನಕ್ಕೂ ರಾಯಚೂರಿನ ಹಳ್ಳಿಗಳಿಗೂ ಪಾಲಿದೆ.