ನೆನಪಿನಿಂದ ಬರೆದ ಕೇಕುಗಳು

ಯೂರೋಪಿನ ಚಿತ್ರಕಲೆಯ ಇತಿಹಾಸದಲ್ಲಿ ಮಡಕೆ, ಬಟ್ಟಲು, ಹಣ್ಣುಗಳಿಗೆ ಬಹುಕಾಲ ಕೊನೆಯ ಪಂಕ್ತಿಯೇ ಮೀಸಲಾಗಿತ್ತು. 1648ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಥಾಪನೆಯಾದ ರಾಜಾಶ್ರಯದ ಕಲಾ ಅಕಾಡೆಮಿಯ ಪಂಡಿತರು ಚಿತ್ರಗಳ ವಿಷಯಕ್ಕೆ ತಕ್ಕಂತೆ ಅಂತಸ್ತು ನಿಗದಿಪಡಿಸಿದಾಗ, ಪುರಾಣ ಇತಿಹಾಸಗಳನ್ನು ಮೇಲಿರಿಸಿ ನಿರ್ಜೀವ ವಸ್ತುಗಳನ್ನು ಕೆಳಗಿಟ್ಟರು. ಆದರೂ ಅದೇ ಅಕಾಡೆಮಿ 1728ರಲ್ಲಿ ಶಾರ್ದೇನ್ ಎಂಬ ಕಲಾವಿದನನ್ನು ಸದಸ್ಯನನ್ನಾಗಿ ಸ್ವೀಕರಿಸಬೇಕಾಯಿತು. ತಾಮ್ರದ ಪಾತ್ರೆ, ನೀರು ತುಂಬಿದ ಲೋಟ, ನಾಲ್ಕು ಎಸಳು ಬೆಳ್ಳುಳ್ಳಿ ಇಂಥವೇ ಆತನ ವಸ್ತುಗಳು.

ನಿಮ್ಮಲ್ಲಿ ಅನೇಕರು ಡ್ರಾಯಿಂಗ್ ಪಿರಿಯಡ್ಡಿನಲ್ಲಿ ಮೇಜಿನ ಮೇಲಿಟ್ಟ ಹೂಜಿಯನ್ನೋ ನಿಂಬೆಹಣ್ಣನ್ನೋ ನೋಡಿ ಬರೆದವರೇ. ಎದುರಿಗಿರುವುದನ್ನು ಕಂಡಂತೆ ಬರೆಯುವುದೇ ಸ್ಟಿಲ್ ಲೈಫ್ ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ವಸ್ತು ಎದುರಿಗೆ ಇಲ್ಲದೆ, ಮನಸ್ಸಿನಲ್ಲಿ ಮಾತ್ರ ಉಳಿದಿದ್ದರೆ? ನಮ್ಮ ಕಾಲದಲ್ಲಿ ಹಾಗೆ ಬರೆದು ಹೆಸರಾದವರು ಅಮೆರಿಕದ ವೇಯ್ನ್ ಟೀಬೋ.

1920ರಲ್ಲಿ ಅರಿಜೋನಾದಲ್ಲಿ ಹುಟ್ಟಿದ ಟೀಬೋ ಬೆಳೆದದ್ದು ಹೆಚ್ಚಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಪಟ್ಟಣದಲ್ಲಿ. ಹುಡುಗನಾಗಿದ್ದಾಗ ಅಲ್ಲಿಯ ಒಂದು ಕೆಫೆಯಲ್ಲಿ ದುಡಿದರು. ಮುಂದೆ ವ್ಯಂಗ್ಯಚಿತ್ರ, ಅಂಗಡಿಯ ಬೋರ್ಡು, ಜಾಹೀರಾತುಗಳನ್ನು ಬರೆದು ಜೀವನ ಸಾಗಿಸಿದರು. 1951ರಿಂದ ಸ್ಯಾಕ್ರಮೆಂಟೋದ ಕಾಲೇಜಿನಲ್ಲಿ, 1960ರಿಂದ ಡೇವಿಸ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ನಿವೃತ್ತರಾದ ಮೇಲೂ ತರಗತಿಯನ್ನು ಬಿಡಲಿಲ್ಲವೆಂಬುದು, ಮೇಷ್ಟ್ರ ಕೆಲಸ ಮಾಡಿದ ನನಗೆ ಅವರ ಬಗ್ಗೆ ವಿಶೇಷ ಅಕ್ಕರೆಯನ್ನು ಹುಟ್ಟಿಸಿದೆ.

1961ರ ಹೊತ್ತಿಗೆ, ನ್ಯೂಯಾರ್ಕಿನ ಕಲಾವಿದರಲ್ಲಿ ಅನೇಕರು ಅಮೂರ್ತ ಚಿತ್ರಗಳಲ್ಲಿ ಮುಳುಗಿದ್ದಾಗ, ಇವರು ಸಾಲುಸಾಲಾಗಿ ಕೇಕುಗಳನ್ನು, ತ್ರಿಕೋನಾಕಾರದ ಪೈ ತುಂಡುಗಳನ್ನು ಬರೆದರು. ಎದುರಿಗೆ ಒಂದು ಕೇಕೂ ಇರಲಿಲ್ಲ. ಹಿಂದೆ ಕೆಫೆಯ ಗಾಜಿನ ಪೆಟ್ಟಿಗೆಗಳಲ್ಲಿ ಕಂಡದ್ದೇ ಆಧಾರ. 1962ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಅಲನ್ ಸ್ಟೋನ್ ಗ್ಯಾಲರಿಯಲ್ಲಿ ಅವು ಪ್ರದರ್ಶನಗೊಂಡು ಟೀಬೋ ಒಮ್ಮೆಲೇ ಪ್ರಸಿದ್ಧರಾದರು. ಅದೇ ವರ್ಷ ಪ್ಯಾಸಡೀನಾದ ಪ್ರದರ್ಶನವೊಂದರಲ್ಲಿ ವಾರ್ಹೋಲ್, ಲಿಕ್ಟೆನ್‌ಸ್ಟೈನರ ಜೊತೆಗೆ ಇವರ ಚಿತ್ರಗಳೂ ಇದ್ದವು. ಇವರೂ ಪಾಪ್ ಕಲೆಯವರೇ, ಕೊಳ್ಳುಬಾಕ ಸಮಾಜವನ್ನು ಅಣಕಿಸುವವರೇ ಎಂಬ ಹಣೆಪಟ್ಟಿ ಅಂಟಿಕೊಂಡಿತು. ಟೀಬೋ ಅದನ್ನು ಎಂದೂ ಮನಸಾರೆ ಒಪ್ಪಲಿಲ್ಲ.

ಒಪ್ಪದಿದ್ದುದೇ ಸರಿಯೆಂದು ನನ್ನ ಅಭಿಪ್ರಾಯ. ವಾರ್ಹೋಲರ ಸೂಪಿನ ಡಬ್ಬಿ ಅಂಗಡಿಯದು. ಅದರ ಮೇಲೆ ಕಂಪನಿಯ ಹೆಸರಿದೆ. ಟೀಬೋರ ಕೇಕಿಗೆ ಹೆಸರಿಲ್ಲ. ಅವರ ಬಣ್ಣ ಎಷ್ಟು ದಪ್ಪವೆಂದರೆ, ಬೇಕರಿಯವನು ಕ್ರೀಮು ಸವರಿದಂತೆಯೇ ಕುಂಚದ ಗೆರೆಗಳು ಎದ್ದು ಕಾಣುತ್ತವೆ. ನೆರಳು ಕಪ್ಪಲ್ಲ, ನೀಲಿ. ಅಂಚಿನಲ್ಲಿ ಕೆಂಪು, ಹಸಿರು, ಕಿತ್ತಳೆಯ ಸಣ್ಣ ಗೆರೆಗಳು ಮಿನುಗುತ್ತವೆ. ಅಂಗಡಿಯಾಗಲಿ, ಗಿರಾಕಿಯಾಗಲಿ ಇಲ್ಲ. ಹಿಂದೆ ಬರಿಯ ತಿಳಿಬಣ್ಣದ ಬಯಲು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ 1963ರ ‘ಕೇಕ್ಸ್’ ಐದು ಅಡಿ ಎತ್ತರ, ಆರು ಅಡಿ ಅಗಲದ್ದು. ಪುರಾಣಕಥೆಗೆ ಸಲ್ಲುತ್ತಿದ್ದಂಥ ಜಾಗ ಕೇಕಿಗೆ ಸಂದಿದೆ! ಶಾರ್ದೇನನನ್ನು ಬಹುವಾಗಿ ಮೆಚ್ಚುತ್ತಿದ್ದ ಟೀಬೋ ಆ ಹಳೆಯ ಅಂತಸ್ತುಗಳನ್ನು ಅರಿಯದವರೇನಲ್ಲ.

ಆ ಬಯಲಿನ ಅರ್ಥವನ್ನು ನಾನು ಹೀಗೆ ಗ್ರಹಿಸಿದ್ದೇನೆ. ನಮ್ಮಮ್ಮನ ಹಿತ್ತಾಳೆಯ ಕಾಫಿ ಫಿಲ್ಟರು, ಅದರ ಮುಚ್ಚಳದ ತಗ್ಗು, ಬೆಳಗಿನ ಹೊತ್ತು ಅದರ ಮೈಮೇಲೆ ಬೀಳುತ್ತಿದ್ದ ಬೆಳಕು ನನಗೆ ಇಂದಿಗೂ ಸ್ಪಷ್ಟ. ಹಿಂದಿನ ಗೋಡೆ ಯಾವ ಬಣ್ಣದ್ದೆಂದು ಕೇಳಿದರೆ ಹೇಳಲಾರೆ. ನೆನಪು ವಸ್ತುವನ್ನಷ್ಟೇ ಎತ್ತಿಕೊಂಡು ಸುತ್ತಲಿನದನ್ನು ಬಿಟ್ಟುಬಿಡುತ್ತದೆ. ಟೀಬೋ ಬಿಟ್ಟುಹೋದದ್ದನ್ನು ಕಲ್ಪಿಸಿ ತುಂಬಲಿಲ್ಲ, ಖಾಲಿಯಾಗಿಯೇ ಉಳಿಸಿದರು. ಅಣಕಿಸುವವನಿಗೆ ಇಷ್ಟು ಪ್ರಾಮಾಣಿಕತೆಯ ಅಗತ್ಯವಿರುತ್ತಿರಲಿಲ್ಲ.

ತೊಂಬತ್ತು ದಾಟಿದ ಮೇಲೆ ಅವರು ಸರ್ಕಸ್ಸಿನ ವಿದೂಷಕರ ಚಿತ್ರಮಾಲೆಯೊಂದನ್ನು ಆರಂಭಿಸಿದರು. ಲಾಂಗ್ ಬೀಚಿಗೆ ಬರುತ್ತಿದ್ದ ಸರ್ಕಸ್ಸನ್ನು ಬಾಲ್ಯದಲ್ಲಿ ನೋಡಿದ್ದ ನೆನಪು ಅದು. 2021ರ ಡಿಸೆಂಬರ್ 25ರಂದು, 101ನೆಯ ವಯಸ್ಸಿನಲ್ಲಿ, ಸ್ಯಾಕ್ರಮೆಂಟೋದಲ್ಲಿ ನಿಧನರಾದರು.